ಕೈಕಟ್ಟಿ ನಿಲ್ಲುವ ಪಾಠ

ಅಂಗಡಿಯ ಮೆಟ್ಟಿಲು ಹತ್ತುವವರ ಕಾಲು ನೋಡಿಯೇ ಗಿರಾಕಿ ಎಷ್ಟರವನು ಎಂದು ಅಂದಾಜು ಹಾಕುವುದು ನನ್ನ ಹಳೆಯ ಚಟ. ಈ ಮನುಷ್ಯನ ವಿಷಯದಲ್ಲಿ ಆ ತಕ್ಕಡಿ ಕೈಕೊಟ್ಟಿತು. ಕಾಲಲ್ಲಿ ಮೂತಿಗೆ ಉಕ್ಕು ಹಾಕಿದ ದಪ್ಪ ಬೂಟು, ಅದನ್ನು ನೋಡಿದರೆ ಫಿಟ್ಟರ್ ಅನ್ನಬೇಕು. ಜೇಬಿನಲ್ಲಿ ಸಾಲಾಗಿ ಪೆನ್ನು, ಗುಮಾಸ್ತ ಅನ್ನಬೇಕು. ಅಂಗಿ ಇಸ್ತ್ರಿಯ ಮುಖ ಕಂಡಿಲ್ಲ, ಬಾಯಿ ಬಿಟ್ಟರೆ ಮಾತ್ರ ಕಾಲೇಜಿನ ಪ್ರೊಫೆಸರ್. ಇಂಥ ಬೆರಕೆ ಮಾಲನ್ನು ಯಾವ ಕಪಾಟಿನಲ್ಲಿ ಇಡುವುದು ಎಂದು ತೋಚದೆ ಮೊದಲ ದಿನ ನಾನು ಅವರಿಗೆ ಕೂರಲು ಸ್ಟೂಲು ಕೂಡ ಕೊಡಲಿಲ್ಲ.

ನನ್ನದು ಕಾರ್ಖಾನೆಗಳ ಸಾಲಿಗೆ ಹೊಂದಿಕೊಂಡ ಬೀದಿಯಲ್ಲಿ ವಾಲ್ವು, ಪೈಪು, ಗ್ಯಾಸ್ಕೆಟ್ಟುಗಳ ಅಂಗಡಿ. ಎರಡು ಕೊಳವೆ ಕೂಡುವಲ್ಲಿ ಸೋರದಂತೆ ನಡುವೆ ಕೂರಿಸುವ ಬಳೆಯಂಥ ವಸ್ತುವೇ ಗ್ಯಾಸ್ಕೆಟ್ಟು. ನೋಡಲು ಎಲ್ಲ ಒಂದೇ ಥರ, ಆದರೆ ಆಸಿಡ್ಡಿಗೆ ಬೇರೆ, ಉಗಿಗೆ ಬೇರೆ. ಬಂದವರೆಲ್ಲ ಮೊದಲು ಬೆಲೆ ಕೇಳುತ್ತಾರೆ. ಇವರು ಬೆಲೆ ಕೇಳಲಿಲ್ಲ. ಒಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು.

"ಅಕಸ್ಮಾತ್ ಇದು ಹರಿದ್ರೆ?"

"ಹರಿಯಲ್ಲ ಸಾರ್, ಒಳ್ಳೇ ಮಾಲು."

"ಹರಿಯಲ್ಲ ಅಂತ ನಿಮಗೆ ಗೊತ್ತು. ಅದಕ್ಕೆ ಗೊತ್ತಾ?"

ಗೋಡೆಗೆ ಒರಗಿಸಿಟ್ಟಿದ್ದ ವೆಲ್ಡಿಂಗ್ ಗ್ಯಾಸಿನ ಸಿಲಿಂಡರಿನ ಕಡೆ ತಿರುಗಿ, "ಅಕಸ್ಮಾತ್ ಇದು ಉರುಳಿದ್ರೆ?" ಎಂದರು. ನನಗೂ ರೇಗಿತು. "ಅಕಸ್ಮಾತ್ ನೀವು ಏನಾದ್ರೂ ಕೊಂಡ್ಕೊಂಡ್ರೆ?" ಎಂದೆ. ಅವರು ನಗಲಿಲ್ಲ. ಸಿಲಿಂಡರಿಗೆ ಕಟ್ಟುವ ಸರಪಳಿ ಒಂದನ್ನು ನನ್ನಿಂದಲೇ ಕೊಂಡು, ನನ್ನ ಸಿಲಿಂಡರಿಗೇ ಕಟ್ಟಿ ಹೋದರು. ನನ್ನ ಸರಕನ್ನು ನನ್ನ ಅಂಗಡಿಗೇ ದಾನ ಮಾಡಿದ ಗಿರಾಕಿ ಅವರೊಬ್ಬರೇ.

ಬೀದಿಯ ತುಂಬ ಅವರ ಹೆಸರು ಅಕಸ್ಮಾತ್ ಮೇಷ್ಟ್ರು. ಕಾರ್ಖಾನೆಗಳಿಗೆ ಹೋಗಿ, ಎಲ್ಲಿ ಏನು ಕೆಡಬಹುದು ಎಂದು ನೋಡಿ ಹೇಳುವುದು, ಅಲ್ಲಿನ ಇಂಜಿನಿಯರುಗಳಿಗೆ ತರಬೇತಿ ಕೊಡುವುದು ಅವರ ಕಸುಬು. ಕಾರ್ಖಾನೆಯ ನಕ್ಷೆಯನ್ನು ಮೇಜಿನ ತುಂಬ ಹಾಸಿ, ಸುತ್ತ ಇಂಜಿನಿಯರುಗಳನ್ನು ಕೂರಿಸಿಕೊಂಡು, ಒಂದೊಂದೇ ಕೊಳವೆಯ ಮೇಲೆ ಬೆರಳಿಟ್ಟು ಕೇಳುತ್ತಾ ಹೋಗುವರು. ಇಲ್ಲಿ ಹರಿವು ಹೆಚ್ಚಾದರೆ? ಕಡಿಮೆಯಾದರೆ? ನಿಂತೇ ಹೋದರೆ? ಉಲ್ಟಾ ಹರಿದರೆ? ಬೆಳಗ್ಗೆ ಎಲ್ಲರೂ ಹುರುಪಿನಿಂದ ಉತ್ತರ ಹೇಳುತ್ತಾರೆ. ಊಟವಾದ ಮೇಲೆ ಕಣ್ಣು ಎಳೆಯುತ್ತದೆ, "ಏನೂ ಆಗಲ್ಲ ಸಾರ್, ಮುಂದಕ್ಕೆ ಹೋಗೋಣ" ಎನ್ನುತ್ತಾರೆ. ಮೇಷ್ಟ್ರು ಮುಂದಕ್ಕೆ ಹೋಗುವುದಿಲ್ಲ. "ನಿಮಗೆ ನಿದ್ದೆ ಬಂತು ಅಂತ ಪೈಪಿಗೂ ಬರುತ್ತಾ?" ಎಂದು ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತುಬಿಡುತ್ತಾರೆ.

ಒಳ್ಳೆಯ ಮಾತಿಗೆ ಬಾಯಿ ಬಾರದ ಮನುಷ್ಯ ಎಂದು ಮಾಲೀಕರಿಗೆಲ್ಲ ಅವರನ್ನು ಕಂಡರೆ ಆಗದು. ಆದರೂ ವಿಮೆಯವರಿಗೂ ಸರಕಾರದವರಿಗೂ ತರಬೇತಿ ಆಗಿದೆ ಎಂದು ತೋರಿಸಬೇಕಲ್ಲ, ಅದಕ್ಕೆ ಕರೆಸುತ್ತಿದ್ದರು, ಹಲ್ಲುನೋವಿಗೆ ಡಾಕ್ಟರನ್ನು ಕರೆಸುವ ಹಾಗೆ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೆಣಕಿದೆ. "ಹುಡುಗಿ ನೋಡೋಕೆ ಹೋದಾಗ ಅವರ ಮನೆ ಅಡುಗೆ ಗ್ಯಾಸಿನ ಪೈಪು ಹಳೇದಾಗಿದೆ ಅಂದೆ. ಅಲ್ಲಿಗೆ ಮುಗೀತು" ಎಂದರು. ತಮಾಷೆಯೋ ನಿಜವೋ ಇವತ್ತಿಗೂ ತಿಳಿಯದು. ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಅತ್ತಿಗೆ ಇದ್ದರು. ಇಬ್ಬರೇ.

ಆ ಅತ್ತಿಗೆ ಹೊಲಿಗೆಯವರು. ಮೇಷ್ಟ್ರ ತರಬೇತಿಗೆ ಬೇಕಾದ ಒಂದು ವಿಚಿತ್ರ ಸಾಮಾನನ್ನು ಅವರೇ ಹೊಲಿದುಕೊಡುತ್ತಿದ್ದರು. ಆಳೆತ್ತರದ ಬಟ್ಟೆಯ ಬೊಂಬೆ, ಒಳಗೆ ಮರಳು. ಅದನ್ನು ಹೊರಲು ಇಬ್ಬರು ಬೇಕು.

ಆ ಬೊಂಬೆಯ ಉಪಯೋಗವನ್ನು ನಾನು ಕಣ್ಣಾರೆ ಕಂಡದ್ದು ನನ್ನ ಅಳಿಯ ಕೆಲಸ ಮಾಡುವ ಬಣ್ಣದ ರಾಸಾಯನಿಕದ ಕಾರ್ಖಾನೆಯಲ್ಲಿ. ಅಳಿಯ ಅಲ್ಲಿ ಪಾಳಿಯ ಇಂಜಿನಿಯರ್. ಒಳ್ಳೆಯ ಹುಡುಗ, ಸ್ವಲ್ಪ ಅವಸರ. ನಾನು ಬೀಗಗಳ ಪೆಟ್ಟಿಗೆ ತಲುಪಿಸಲು ಹೋಗಿದ್ದೆ. ತರಬೇತಿಯ ನಡುವೆ ಮೇಷ್ಟ್ರು ಎಲ್ಲರನ್ನೂ ಅಂಗಳಕ್ಕೆ, ಒಂದು ಖಾಲಿ ಟ್ಯಾಂಕಿನ ಹತ್ತಿರ ಕರೆತಂದಿದ್ದರು. ನೋಡುತ್ತಿದ್ದಂತೆ ಬೊಂಬೆಯನ್ನು ಟ್ಯಾಂಕಿನ ಬಾಯಿಂದ ಒಳಕ್ಕೆ ದೂಡಿ, "ಅಯ್ಯೋ, ಬಿದ್ದ! ಬಿದ್ದ! ಉಸಿರಾಡ್ತಿಲ್ಲ!" ಎಂದು ಎದೆ ಹರಿಯುವ ಹಾಗೆ ಕೂಗಿದರು. ಬೊಂಬೆ ಎಂದು ಗೊತ್ತಿದ್ದೂ ನಾನು ಬೀಗಗಳ ಪೆಟ್ಟಿಗೆಯನ್ನು ಕೆಳಕ್ಕೆ ಬಿಟ್ಟೆ. ಮೊದಲು ಓಡಿದವನು ನನ್ನ ಅಳಿಯ. ಏಣಿ ಇಳಿದು ಬೊಂಬೆಯ ಕಂಕುಳಿಗೆ ಕೈಹಾಕಿ ಎಳೆಯತೊಡಗಿದ. ಹಿಂದೆ ಇನ್ನಿಬ್ಬರು ಇಳಿದರು. ಉಳಿದವರು ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಚಾಕ್‌ಪೀಸ್ ಹಿಡಿದು ಟ್ಯಾಂಕಿನ ಬಾಯಲ್ಲಿ ಕಾಯುತ್ತಿದ್ದರು. ಮೇಲೆ ಬಂದ ಅಳಿಯನ ಅಂಗಿಯ ಬೆನ್ನಿಗೆ ದೊಡ್ಡ ಗೆರೆ ಎಳೆದರು.

"ನೀವು ಸತ್ತ್ರಿ."

"ಸಾರ್?"

"ಒಳಗೆ ಗಾಳಿ ಇರಲಿಲ್ಲ. ನೀವು ಸತ್ತ್ರಿ. ನಿಮ್ಮನ್ನ ನೋಡಿ ಇಳಿದ್ರಲ್ಲ, ಈ ಇಬ್ಬರೂ ಸತ್ತ್ರು. ಹೋಗಿ ಆ ಗೋಡೆ ಹತ್ರ ಕೂತ್ಕೊಳ್ಳಿ. ಸತ್ತೋರಿಗೆ ಊಟ ಇಲ್ಲ."

ನಿಜಕ್ಕೂ ಊಟ ಕೊಡಲಿಲ್ಲ. ಮಾವನ ಕಣ್ಣೆದುರೇ ಅಳಿಯ ಹೆಣವಾಗಿ ಗೋಡೆಗೊರಗಿ, ಉಳಿದವರು ತಟ್ಟೆ ಹಿಡಿದು ಬಾಯಾಡಿಸುವುದನ್ನು ನೋಡುತ್ತಾ ಕೂತ. ಮೇಷ್ಟ್ರ ಪಾಠ ಇಷ್ಟೇ: ಬಿದ್ದವನನ್ನು ಕಂಡು ಇಳಿಯಬಾರದು. ಬಾಯಿಗೆ ಅಡ್ಡ ನಿಂತು ಬೇರೆಯವರನ್ನೂ ಇಳಿಯಗೊಡಬಾರದು. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಮುಖಕ್ಕೆ ಹಾಕುವ ಮಾಸ್ಕು ಬಂದ ಮೇಲೆ, ಅದನ್ನು ತೊಟ್ಟವನು ಮಾತ್ರ ಇಳಿಯಬೇಕು. ಅಲ್ಲಿಯವರೆಗೆ ನಿಲ್ಲಬೇಕು.

"ಕೈಕಟ್ಟಿ ನಿಲ್ಲೋಕೆ ಟ್ರೇನಿಂಗ್ ಬೇರೆ ಬೇಕಾ ಮಾವ? ಅದು ನನಗೆ ಹುಟ್ಟಿದಾಗಿನಿಂದ ಬರುತ್ತೆ" ಎಂದು ಅಳಿಯ ರಾತ್ರಿ ಊಟಕ್ಕೆ ಕೂತಾಗ ಹಾರಾಡಿದ. ಮಗಳು, "ಬರಲ್ಲ. ಬಂದಿದ್ರೆ ಹಸ್ಕೊಂಡು ಬರ್ತಿರಲಿಲ್ಲ" ಎಂದು ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ನಾವು ನಕ್ಕೆವು.

ಮುಂದಿನ ವರ್ಷದ ತರಬೇತಿಯಲ್ಲಿ ಅಳಿಯ ಇಳಿಯಲಿಲ್ಲವಂತೆ. ಟ್ಯಾಂಕಿನ ಬಾಯಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತನಂತೆ. ಮೇಷ್ಟ್ರು ಹೊಗಳಲಿಲ್ಲ. "ಇವತ್ತು ಊಟ ಮಾಡಿ" ಎಂದರಂತೆ.

ಪಾಠದಲ್ಲಿ ಇನ್ನೂ ಅರ್ಧ ಇತ್ತು. ಯಾವುದೇ ಟ್ಯಾಂಕಿನ ಬಾಯಿ ತೆರೆದಾಗ ಆ ಗಾಳಿಯ ಸೆಟ್ಟು ಅದೇ ಬಾಯಿಯ ಪಕ್ಕದಲ್ಲಿ ಇರಬೇಕು, ಕೈಗೆ ಎಟಕುವಷ್ಟು ಹತ್ತಿರ. ಮೇಷ್ಟ್ರು ಇದನ್ನು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಕಾರ್ಖಾನೆಯಲ್ಲಿ ಒಂದೇ ಸೆಟ್ಟು ಇತ್ತು. ಅದನ್ನು ಗೇಟಿನ ಪಕ್ಕದ ಕಚೇರಿಯಲ್ಲಿ ಗಾಜಿನ ಕಪಾಟಿನೊಳಗೆ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ, ದೀಪ ಹಾಕಿ ಇಟ್ಟಿದ್ದರು. ನೋಡಲು ಬಂದವರೆಲ್ಲ ಮೆಚ್ಚುತ್ತಿದ್ದರು. "ಟ್ಯಾಂಕಿನ ಹತ್ರ ಇಟ್ಟರೆ ಧೂಳು ಹಿಡಿಯುತ್ತೆ ಸಾರ್. ತಪಾಸಣೆಗೆ ಬಂದೋರ ಕಣ್ಣಿಗೆ ಹೊಳೀಬೇಕಲ್ಲ" ಎಂದು ಮ್ಯಾನೇಜರ್ ಹೇಳುತ್ತಿದ್ದ. ವ್ಯಾಪಾರಿಯಾದ ನನಗೆ ಇದು ಬೇಗ ಅರ್ಥವಾಗುತ್ತದೆ. ನಿಲ್ಲುವ ಪಾಠ ಪುಕ್ಕಟೆ, ಆದ್ದರಿಂದ ಕಲಿತರು. ಸೆಟ್ಟಿನ ಪಾಠಕ್ಕೆ ಕೈ ಬಿಚ್ಚಬೇಕು, ಆದ್ದರಿಂದ ಅದನ್ನು ಗಾಜಿನೊಳಗಿಟ್ಟು ಕೈಮುಗಿದರು.

ಆ ಕಾರ್ಖಾನೆಯಲ್ಲಿ ಇಬ್ಬರು ಫಿಟ್ಟರುಗಳಿದ್ದರು, ಒಬ್ಬ ಉದ್ದ, ಒಬ್ಬ ಗಿಡ್ಡ. ಜೋಡಿಯಾಗಿಯೇ ನನ್ನ ಅಂಗಡಿಗೆ ಬರುವರು. ಮೇಲಿನ ಅಟ್ಟದ ಸಾಮಾನು ಉದ್ದ ತೆಗೆಯುವನು, ಕೆಳಗಿನದಕ್ಕೆ ಗಿಡ್ಡ ಬಗ್ಗುವನು. "ನಾವಿಬ್ಬರೂ ಸೇರಿದ್ರೆ ಒಂದು ಏಣಿ ಸಾವ್ಕಾರ್ರೆ" ಎಂದು ಗಿಡ್ಡ ನಗಿಸುತ್ತಿದ್ದ. ಅವನಿಗೆ ತಾಯಿ ಇದ್ದಳು, ತೊಟ್ಟಿಲಲ್ಲಿ ಮಗು ಇತ್ತು.

ಬೆಂಕಿ ಹತ್ತುವಂಥ ದ್ರವ ಕಾಯಿಸುವ ದೊಡ್ಡ ಹಂಡೆಗಳಿಗೆ ಅಲ್ಲಿ ನೈಟ್ರೋಜನ್ ತುಂಬುತ್ತಾರೆ. ಅದಿದ್ದರೆ ಬೆಂಕಿ ಹತ್ತುವುದಿಲ್ಲ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಕೂಡ ಬರುವುದಿಲ್ಲ. ಅದೊಂದನ್ನೇ ಒಳಗೆಳೆದುಕೊಂಡವನು ಎರಡನೆಯ ಉಸಿರಿಗೆ ಕುಸಿಯುತ್ತಾನೆ. ಆ ದಿನ ಹಂಡೆಯ ಬಾಯಿಯ ಗ್ಯಾಸ್ಕೆಟ್ಟು ಬದಲಿಸುವ ಕೆಲಸ. ಒಳಗೆ ಇಳಿಯುವ ಕೆಲಸವಾದರೆ ಹಂಡೆಯಿಂದ ನೈಟ್ರೋಜನ್ ಓಡಿಸಬೇಕು, ಗಾಳಿ ಅಳೆಯಬೇಕು, ಕಾವಲಿಗೊಬ್ಬನನ್ನು ನಿಲ್ಲಿಸಬೇಕು. ಇದು ಇಳಿಯುವ ಕೆಲಸವಲ್ಲ, ಬಾಯಿಯಂಚಿನ ಕೆಲಸ. ಹಾಗೆಂದು ಅಳಿಯ ಪರ್ಮಿಟ್ಟಿಗೆ, ಅಂದರೆ ಕೆಲಸ ಶುರುಮಾಡುವ ಅನುಮತಿ ಚೀಟಿಗೆ, ಸಹಿ ಹಾಕಿದ. ಆ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಕಾಲು ಒಳಗಿಟ್ಟಾಗ ಅವರಿಗೆ ನಿಯಮ ನೆನಪಾಗುತ್ತದೆ. ಗಿಡ್ಡ ಕಾಲಿಡಲಿಲ್ಲ. ಹಳೆಯ ಗ್ಯಾಸ್ಕೆಟ್ಟಿನ ಚೂರೊಂದು ಜಾರಿ ಒಳಗಿನ ಅಂಚಿನ ಮೇಲೆ ಬಿತ್ತು. ಅದನ್ನು ಹೆಕ್ಕಲು ತಲೆ ಇಟ್ಟ. ಇನ್ನೂ ಸ್ವಲ್ಪ ಬಗ್ಗಿದ. ಆಮೇಲೆ ಅವನ ಬೂಟುಗಳು ಮೇಲಕ್ಕೆದ್ದವು, ಮೈ ಒಳಕ್ಕೆ ಮಗುಚಿ ಬಾಯಿಂದ ತುಸು ಕೆಳಗೆ ಸಿಕ್ಕಿಕೊಂಡಿತು.

ಉದ್ದ ಕೂಗಿದಾಗ ಅಳಿಯ ಹಂಡೆಯ ಬಾಯಿಯ ಸುತ್ತಲಿನ ಕಬ್ಬಿಣದ ಅಟ್ಟದ ಇನ್ನೊಂದು ತುದಿಯಲ್ಲಿದ್ದ. ಓಡಿ ಬಂದ. ಉದ್ದ ಆಗಲೇ ಒಂದು ಕಾಲು ಬಾಯೊಳಗೆ ಇಟ್ಟಿದ್ದ. ಅಳಿಯ ಹಿಂದಿನಿಂದ ಅವನ ಸೊಂಟ ಹಿಡಿದು, ತನ್ನ ಕಾಲನ್ನು ಕಂಬಿಗೆ ಕೊಟ್ಟು ಎಳೆದು ಕೆಡವಿದ, ಮೇಲೆ ಕೂತ.

"ಬಿಡೋ! ಕಣ್ಣು ಬಿಟ್ಕೊಂಡಿದಾನೆ! ನನ್ನೇ ನೋಡ್ತಿದಾನೆ ಕಣೋ!"

"ಬಿಡಲ್ಲ. ಸೆಟ್ ಬರ್ತಿದೆ."

"ನಿನ್ನ ಸೆಟ್ಟಿಗೆ ಬೆಂಕಿ ಹಾಕ! ಕೈ ಚಾಚಿದ್ರೆ ಸಿಗ್ತಾನೆ, ಬಿಡೋ!"

ಉದ್ದ ಅಳಿಯನ ತೋಳನ್ನು ಕಚ್ಚಿದ, ಮಾಂಸ ಕಾಣುವಷ್ಟು. ಅಳಿಯ ಬಿಡಲಿಲ್ಲ. ಕೆಳಗೆ ಯಾರೋ ಗೇಟಿಗೆ ಓಡಿದ್ದರು. ಕಪಾಟಿಗೆ ಬೀಗ. ಗಾಜು ಒಡೆದರು. ಸೆಟ್ಟು ಹೊತ್ತು ಅಂಗಳವನ್ನೆಲ್ಲ ದಾಟಿ ಕಬ್ಬಿಣದ ಮೆಟ್ಟಿಲು ಹತ್ತಿದರು. ಮಾಸ್ಕಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದರು. ಅಷ್ಟು ಹೊತ್ತೂ ಅಳಿಯ ಬದುಕಿದವನ ಎದೆಯ ಮೇಲೆ ಕೂತಿದ್ದ, ಹಂಡೆಯ ಬಾಯಿ ಅವನ ಕಣ್ಣೆದುರೇ ಇತ್ತು. ಗಿಡ್ಡನನ್ನು ಮೇಲೆತ್ತಿದಾಗ ಮೈ ಬೆಚ್ಚಗಿತ್ತು. ಉಸಿರು ಇರಲಿಲ್ಲ. ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಮನೆಗೆ ಒಯ್ದರು.

ಗೇಟಿನ ಹತ್ತಿರ ಗಿಡ್ಡನ ತಾಯಿ ಅಳಿಯನ ಅಂಗಿ ಹಿಡಿದುಕೊಂಡಳು. ಬಯ್ಯಲಿಲ್ಲ. "ನೀನು ಅಲ್ಲೇ ಇದ್ಯಂತಲ್ಲಪ್ಪ?" ಎಂದು ಕೇಳಿದಳು, ಮತ್ತೆ ಮತ್ತೆ ಅದನ್ನೇ ಕೇಳಿದಳು. ಬೈದವರು ಬೇರೆಯವರು. ಕೈಕಟ್ಟಿ ನಿಂತ ಇಂಜಿನಿಯರ್ ಎಂಬ ಮಾತು ಸಂಜೆಯೊಳಗೆ ನನ್ನ ಬೀದಿಗೂ ಬಂತು. ಯಾವಾಗಲೂ ನನ್ನ ಮುಖ ನೋಡಿ ನಗುತ್ತಿದ್ದ ಫಿಟ್ಟರುಗಳು ಅಂಗಡಿಗೆ ಬಂದು ಸಾಮಾನು ತೋರಿಸಿ, ತೆಗೆದುಕೊಂಡು, ಮಾತಾಡದೆ ಹೋದರು.

ಅಳಿಯ ಮಾತು ಬಿಟ್ಟ. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತವನು ಊಟಕ್ಕೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಮಗಳು ಬಾತ್‌ರೂಮಿನ ಚಿಲಕ ತೆಗೆಸಿಬಿಟ್ಟಳು, ಯಾಕೆ ಎಂದು ನಾನು ಕೇಳಲಿಲ್ಲ. "ಅಪ್ಪ, ಮೇಷ್ಟ್ರನ್ನ ಕರ್ಕೊಂಡು ಬಾ. ಅವರೇ ಹೇಳಿಕೊಟ್ಟಿದ್ದು ತಾನೆ, ಅವರೇ ಬಂದು ಉತ್ತರ ಹೇಳ್ಲಿ" ಎಂದಳು. ಆ ದನಿಯಲ್ಲಿ ಸಿಟ್ಟಿತ್ತು. ನನ್ನಲ್ಲೂ ಇತ್ತು.

ಕರೆಯುವ ಮೊದಲೇ ಮೇಷ್ಟ್ರು ಬಂದರು. ಜೊತೆಗೆ ಅತ್ತಿಗೆ. ಮೇಷ್ಟ್ರು ಬೂಟು ಬಿಚ್ಚಿ, ಕುರ್ಚಿ ಬಿಟ್ಟು, ಅಳಿಯನ ಎದುರು ನೆಲದ ಮೇಲೆ ಕೂತರು. ಅವರನ್ನು ಕಂಡು ಅಳಿಯ ಬಾಯಿ ಬಿಟ್ಟ.

"ಸಾರ್, ಅವನನ್ನ ಬಿಟ್ಟಿದ್ರೆ... ಉದ್ದನ್ನ. ಅವನ ಕೈ ಉದ್ದ. ಎಟಕ್ತಿತ್ತೇನೋ."

"ಇಲ್ಲ ಅಂತ ಹೇಳಬೇಕು ಅಂತಾನೇ ಬಂದೆ" ಎಂದರು ಮೇಷ್ಟ್ರು. "ದಾರಿಯುದ್ದಕ್ಕೂ ಯೋಚನೆ ಮಾಡ್ದೆ. ನನಗೆ ಗೊತ್ತಿಲ್ಲ. ಅವನೂ ತಲೆ ಇಟ್ಟಿದ್ರೆ ಅವನೂ ಹೋಗ್ತಿದ್ದ ಅನ್ನೋದು ಗೊತ್ತು. ಆಮೇಲೆ ನೀನು ನಿಲ್ತಿರಲಿಲ್ಲ ಅನ್ನೋದೂ ಗೊತ್ತು."

"ಅವನು ನನ್ನ ಮುಖಕ್ಕೆ ಉಗಿದ."

"ಉಗಿಯೋಕೆ ಬದುಕಿದಾನಲ್ಲ. ಉಗೀಲಿ."

ಅಳಿಯ ಮುಖ ಮುಚ್ಚಿಕೊಂಡ. ಮೇಷ್ಟ್ರು ಅಲ್ಲಿಗೆ ನಿಲ್ಲಿಸಬಹುದಿತ್ತು. ಲೋಕದ ವ್ಯವಹಾರ ಬಲ್ಲವನಾದರೆ ನಿಲ್ಲಿಸುತ್ತಿದ್ದ. "ಆದ್ರೆ ಒಂದು ಮಾತು" ಎಂದರು. "ತನಿಖೆಯವರು ನನ್ನ ಕರೆದಿದಾರೆ. ಸೆಟ್ಟು ಗಾಜಿನೊಳಗೆ ಇತ್ತು ಅಂತ ಹೇಳ್ತೀನಿ. ಪರ್ಮಿಟ್ಟಿಗೆ ಸಹಿ ಹಾಕಿದ್ದು ನೀನು ಅಂತಾನೂ ಹೇಳ್ತೀನಿ. ಹಂಡೆ ಬಾಯಿ ತೆರೆಯೋದೂ ಒಂದೇ, ಒಳಗೆ ಇಳಿಯೋದೂ ಒಂದೇ, ಅದನ್ನ ನೀನು ತಿಳ್ಕೋಬೇಕಿತ್ತು."

ನನ್ನ ರಕ್ತ ಕುದಿಯಿತು. "ಮೇಷ್ಟ್ರೆ, ಬಿದ್ದೋನ ಮೇಲೆ ಕಲ್ಲು ಹಾಕೋಕೆ ಬಂದ್ರಾ?" ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಅಳಿಯ ಮಾತ್ರ ಕೈ ತೆಗೆದು ಅವರನ್ನೇ ನೋಡುತ್ತಿದ್ದ. ಬೀದಿಯವರು ಅವನಿಗೆ ಪೂರ್ತಿ ತಪ್ಪು ಹೊರಿಸಿದ್ದರು, ನಮ್ಮಂಥವರು ಏನೂ ತಪ್ಪಿಲ್ಲ ಎಂದಿದ್ದೆವು. ಅವನ ಪಾಲಿನಷ್ಟನ್ನು ಮಾತ್ರ ತೂಗಿ ಅವನ ಕೈಗಿಟ್ಟವರು ಅವರೊಬ್ಬರೇ. "ಹೌದು ಸಾರ್. ತಿಳ್ಕೋಬೇಕಿತ್ತು" ಎಂದ. ಆಮೇಲೆ ನೀರು ಕೇಳಿದ.

ಅಡುಗೆಮನೆಯ ಬಾಗಿಲಲ್ಲಿ ಮಗಳು ಅಳುತ್ತಾ, "ಬೀದೀಲೆಲ್ಲ ಇವರನ್ನ ಹೇಡಿ ಅಂತಾರೆ ಅಮ್ಮಾ" ಎಂದು ಅತ್ತಿಗೆಯ ಹತ್ತಿರ ಹೇಳುವುದು ಕೇಳಿಸಿತು. ಆ ಹೆಂಗಸಿನ ದನಿಯನ್ನು ನಾನು ಅಂದೇ ಮೊದಲು ಕೇಳಿದ್ದು.

"ನನ್ನ ಗಂಡನ್ನ ಧೀರ ಅಂದ್ರು ಕಣಮ್ಮ. ಸ್ನೇಹಿತ ಬಿದ್ದ ಅಂತ ಟ್ಯಾಂಕಿಗೆ ಇಳಿದ್ರು. ಆ ಸ್ನೇಹಿತ ಮೊದಲೇ ಹೋಗಿದ್ನಂತೆ. ಪೇಪರಲ್ಲಿ ಫೋಟೋ ಹಾಕಿದ್ರು, ಭಾಷಣ ಮಾಡಿದ್ರು. ನನಗೆ ಧೀರ ಬೇಕಿರಲಿಲ್ಲ. ಸಂಜೆ ಮನೆಗೆ ಬಂದು, ಸಾರಿಗೆ ಉಪ್ಪು ಕಮ್ಮಿ ಅಂತ ಗೊಣಗೋರು ಬೇಕಿತ್ತು. ನಿನ್ನೋರು ಗೊಣಗ್ತಾರಾ?"

ಮಗಳು ಅಳುವಿನ ನಡುವೆ, "ದಿನಾ" ಎಂದಳು.

"ಗೊಣಗ್ಲಿ ಬಿಡು."

ಮೇಷ್ಟ್ರ ಕಸುಬಿನ ಮೂಲ ನನಗೆ ತಿಳಿದದ್ದು ಹೀಗೆ. ಅಣ್ಣ ಹೋದ ಮೇಲೆ ದೊಡ್ಡ ಕಾರ್ಖಾನೆಯ ಕೆಲಸ ಬಿಟ್ಟು, ಅತ್ತಿಗೆಯನ್ನು ಕರೆತಂದು, ಊರೂರಿನ ಇಂಜಿನಿಯರುಗಳ ಬೆನ್ನಿಗೆ ಚಾಕಿನಿಂದ ಗೆರೆ ಎಳೆಯುತ್ತಾ ಬಂದಿದ್ದರು. ಇದನ್ನು ಅವರು ಯಾವ ತರಬೇತಿಯಲ್ಲೂ ಹೇಳಿದವರಲ್ಲ. ಹೇಳಿದ್ದರೆ ಮರುಕ ಸಿಗುತ್ತಿತ್ತು, ಬಹುಶಃ ಊಟವಾದ ಮೇಲೂ ಯಾರೂ ತೂಕಡಿಸುತ್ತಿರಲಿಲ್ಲ. ಸರಕು ಇಟ್ಟುಕೊಂಡು ಮಾರಲು ಬಾರದ ಮನುಷ್ಯ.

ತನಿಖೆಗೆ ಮುಂಚೆ ಮ್ಯಾನೇಜರ್ ಮೇಷ್ಟ್ರನ್ನು ಕರೆಸಿ, ಎಲ್ಲ ತರಬೇತಿಯ ಪ್ರಕಾರವೇ ನಡೆಯಿತು ಎಂದರೆ ಸಾಕು ಎಂದನಂತೆ. ಮೇಷ್ಟ್ರು ನಮ್ಮ ಮನೆಯಲ್ಲಿ ಹೇಳಿದ್ದಂತೆಯೇ ಹೇಳಿದರು, ಗಾಜು, ಬೀಗ, ಸಹಿ, ಒಂದೂ ಬಿಡದೆ. ಅಳಿಯನಿಗೆ ಬರಬೇಕಿದ್ದ ಬಡ್ತಿ ತಪ್ಪಿತು. ಮ್ಯಾನೇಜರ್ ಬೇರೆ ಕಾರ್ಖಾನೆಗೆ ಇನ್ನೂ ದೊಡ್ಡ ಕುರ್ಚಿಗೆ ಹೋದ. ಮೇಷ್ಟ್ರನ್ನು ನಮ್ಮ ಸಾಲಿನ ಯಾವ ಕಾರ್ಖಾನೆಯೂ ಮತ್ತೆ ಕರೆಯಲಿಲ್ಲ. ಕರೆದ ಅನ್ನದಾತನ ಮೇಲೇ ಸಾಕ್ಷಿ ಹೇಳುವವನು ಎಂಬ ಹೆಸರು ಅವರಿಗಿಂತ ಮೊದಲು ಗೇಟು ತಲುಪುತ್ತಿತ್ತು. ಈಗ ತರಬೇತಿಗೆ ಬೇರೊಬ್ಬ ಬರುತ್ತಾನೆ. ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸುತ್ತಾನೆ, ಕೊನೆಗೆ ಎಲ್ಲರಿಗೂ ಟೋಪಿ ಹಂಚುತ್ತಾನೆ. ಯಾರೂ ಸಾಯುವುದಿಲ್ಲ, ಎಲ್ಲರಿಗೂ ಊಟ ಸಿಗುತ್ತದೆ. ಮೇಷ್ಟ್ರು ಮತ್ತು ಅತ್ತಿಗೆ ಮನೆ ಖಾಲಿ ಮಾಡಿ ಇನ್ನೊಂದು ಊರಿಗೆ ಹೋದರು.

ಅಳಿಯ ಅದೇ ಕಾರ್ಖಾನೆಯಲ್ಲಿದ್ದಾನೆ. ಯಾವ ಹಂಡೆಯ ಬಾಯಿ ತೆರೆದರೂ ಗಾಳಿಯ ಸೆಟ್ಟನ್ನು ತಾನೇ ಹೊತ್ತು ಮೆಟ್ಟಿಲು ಹತ್ತುತ್ತಾನೆ. ನೋಡಿದವರು ನಗುತ್ತಾರೆ. ಉದ್ದ ಅದೇ ಪಾಳಿಯಲ್ಲಿದ್ದಾನೆ. ಗಿಡ್ಡನ ಮಗುವಿನ ಶಾಲೆಯ ಖರ್ಚು ನೋಡಿಕೊಳ್ಳುವವನು ಅವನೇ. ಅಳಿಯನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಅಳಿಯನ ತೋಳಿನ ಮೇಲೆ ಹಲ್ಲಿನ ಗುರುತು ಹಾಗೇ ಉಳಿದಿದೆ. ನನ್ನ ಮಗಳು ಅದನ್ನು ಕಂಡಾಗ ಬೇರೆಡೆ ನೋಡುತ್ತಾಳೆ.

ನಾನು ಮೇಷ್ಟ್ರ ಮೇಲೆ ಕೂಗಾಡಿದವನು, ಅವರು ಊರು ಬಿಡುವಾಗ ಬೀಳ್ಕೊಡಲು ಕೂಡ ಹೋಗಲಿಲ್ಲ. ವ್ಯಾಪಾರಿಯಾದವನು ತನಗೆ ಬಂದದ್ದನ್ನು ಬಂದಿದೆ ಎಂದು ಒಪ್ಪಿಕೊಳ್ಳಬೇಕು. ನನ್ನ ಮಗಳ ಗಂಡ ಆ ಹಂಡೆಯೊಳಗೆ ಇಳಿಯಲಿಲ್ಲ. ಅವನು ಬದುಕಿರುವುದು ಆ ಮನುಷ್ಯ ಕಲಿಸಿದ್ದರಿಂದ. ನಾನು ಅವರಿಗೆ ನನ್ನ ಅಳಿಯನ ಪ್ರಾಣದ ಋಣಿ.